ಮೊದಲು ಕೇಳಿ, ಆಮೇಲೆ ಅಳೆಯಿರಿ: ಹದಿಹರೆಯದವರ ಜೊತೆ ಬಡಾವಣೆಯ ಆರೋಗ್ಯ ನೋಡುವ ಬಗೆ

ನಗರದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು "ನಿಮ್ಮ ಬಡಾವಣೆಯ ಪರಿಸರ ಹೇಗಿದೆ?" ಎಂದು ಕೇಳಿದರೆ ಸಿಗುವುದು ಪಠ್ಯಪುಸ್ತಕದ ಉತ್ತರ. ಗಿಡ ನೆಡಬೇಕು, ಪ್ಲಾಸ್ಟಿಕ್ ಬಿಡಬೇಕು, ವಾಹನದ ಹೊಗೆ ಜಾಸ್ತಿಯಾಗಿದೆ. ಹತ್ತು ಬಡಾವಣೆಯ ಹತ್ತು ಮಕ್ಕಳನ್ನು ಕೇಳಿದರೂ ಪಟ್ಟಿ ಅದೇ. 'ಪರಿಸರ' ಅನ್ನುವ ಮಾತು ಕಿವಿಗೆ ಬಿದ್ದೊಡನೆ ಅವರು ಪರೀಕ್ಷೆ ಬರೆಯುವವರ ಹಾಗೆ ಕೂತುಬಿಡುತ್ತಾರೆ. ಅದಕ್ಕೇ ಮೊದಲ ಎರಡು ಭೇಟಿಗಳಲ್ಲಿ ಆ ಪದವನ್ನು ನಾವು ಬಾಯಿಗೇ ತರುವುದಿಲ್ಲ. 'ಮಾಲಿನ್ಯ', 'ಆರೋಗ್ಯ' ಕೂಡ ಬೇಡ. ಮೈಗೆ ಗೊತ್ತಿರುವುದನ್ನು ಕೇಳುತ್ತೇವೆ:

"ಯಾವ ಜಾಗ ಬಂದ್ರೆ ನಿಮ್ಮ ಹೆಜ್ಜೆ ಜೋರಾಗುತ್ತೆ? ಎಲ್ಲಿ ಮೂಗು ಮುಚ್ಕೋತೀರ? ಅರ್ಧ ಗಂಟೆ ಸುಮ್ನೆ ಕೂತ್ರೂ ಯಾರೂ ಎಬ್ಬಿಸದ ಜಾಗ ಯಾವುದು? ಸುತ್ತಾದ್ರೂ ಪರವಾಗಿಲ್ಲ ಅಂತ ಯಾವ ದಾರಿ ಬಿಡ್ತೀರ? ಮನೇಲಿ ಯಾವ ಕಿಟಕಿ ತೆಗೆಯೋದೇ ಇಲ್ಲ?"

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸದಾ ಮುಚ್ಚಿರುವ ಕಿಟಕಿಯ ಆಚೆ ಶಬ್ದ, ಧೂಳು, ನಾತ, ಸೊಳ್ಳೆ, ಇಣುಕುವ ಕಣ್ಣು, ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಈ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಕಸ, ಗಾಳಿ, ಶಬ್ದ, ಭಯ ಬೇರೆ ಬೇರೆ ಕಡತಗಳಾಗಿ ಇರುವುದಿಲ್ಲ. ದೀಪವಿಲ್ಲದ ತಿರುವು, ಅಲ್ಲೇ ಕೊಳೆಯುವ ಕಸ, ಅದರ ಸುತ್ತ ಸೇರುವ ನಾಯಿಗಳು, ಅಲ್ಲಿ ನಿಂತು ಚುಡಾಯಿಸುವವರು, ಎಲ್ಲ ಸೇರಿ ಅವರಿಗೆ ಒಂದೇ ಜಾಗ, ಒಂದೇ ತೊಂದರೆ. ನಾವು ದೊಡ್ಡವರು ಇದನ್ನು ನಾಲ್ಕು ಇಲಾಖೆಗಳಿಗೆ ಹಂಚುತ್ತೇವೆ. ಯುನೆಸ್ಕೋ ಆಶ್ರಯದಲ್ಲಿ ನಗರ ಯೋಜಕ ಕೆವಿನ್ ಲಿಂಚ್ 1970ರ ದಶಕದಲ್ಲಿ ಅರ್ಜೆಂಟೀನಾ, ಆಸ್ಟ್ರೇಲಿಯಾ, ಮೆಕ್ಸಿಕೋ, ಪೋಲೆಂಡ್‌ಗಳ ಹದಿಹರೆಯದವರೊಂದಿಗೆ ಮಾಡಿದ ಕೆಲಸವನ್ನು 1990ರ ದಶಕದಲ್ಲಿ ಸಂಶೋಧಕಿ ಲೂಯಿಸ್ ಚಾವ್ಲಾ ಮತ್ತೆ ಕೈಗೆತ್ತಿಕೊಂಡಾಗಲೂ ಇದೇ ಕಂಡಿತ್ತು. ಮಕ್ಕಳು ಒಳ್ಳೆಯ ಜಾಗ ಅಂದದ್ದು ಓಡಾಡುವ ಸ್ವಾತಂತ್ರ್ಯ ಇರುವ, ಗೆಳೆಯರು ಸಿಗುವ, ತಮ್ಮನ್ನು ಹೊರಗಿನವರಂತೆ ನೋಡದ ಜಾಗವನ್ನು. ಹಸಿರು ಇದರ ಜೊತೆಯಲ್ಲಿ ಬರುತ್ತದೆ, ಇದರ ಬದಲಿಗಲ್ಲ.

ಗುಂಪು ಮತ್ತು ಒಪ್ಪಿಗೆ

ಒಂದು ಗುಂಪಿಗೆ 12ರಿಂದ 16 ಜನ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹದಿಹರೆಯ ಅಂದರೆ 10ರಿಂದ 19 ವರ್ಷ. ಆದರೆ 13ರವರನ್ನೂ 17ರವರನ್ನೂ ಒಂದೇ ಮೇಜಿಗೆ ಕೂರಿಸಿದರೆ ದೊಡ್ಡವರು ಗುರುತು ಹಾಕುತ್ತಾರೆ, ಚಿಕ್ಕವರು ತಲೆಯಾಡಿಸುತ್ತಾರೆ. ಎರಡು ವರ್ಷಕ್ಕಿಂತ ಹೆಚ್ಚು ಅಂತರ ಬೇಡ. ಮೊದಲ ನಕ್ಷೆಯನ್ನು ಹುಡುಗಿಯರು, ಹುಡುಗರು ಬೇರೆ ಬೇರೆ ಮೇಜಿನಲ್ಲಿ ಮಾಡಲಿ. ಒಟ್ಟಿಗೆ ಮಾಡಿಸಿದರೆ ಹುಡುಗರು ತಿರುಗುವ ದೂರವೇ ಎಲ್ಲರ ಬಡಾವಣೆ ಆಗಿಬಿಡುತ್ತದೆ, ಹುಡುಗಿಯರ ಬಡಾವಣೆ ಎಷ್ಟು ಚಿಕ್ಕದು ಅನ್ನುವುದು ಅಳಿಸಿಹೋಗುತ್ತದೆ. ಎರಡೂ ಮುಗಿದ ಮೇಲೆ ಒಂದರ ಪಕ್ಕ ಒಂದು ಹರಡಿ, ಮಾತು ತಾನಾಗಿ ಶುರುವಾಗುತ್ತದೆ.

ಪೋಷಕರ ಸಹಿ ಬೇಕು. ಅದರ ಮೇಲೆ ಆ ಹುಡುಗ ಅಥವಾ ಹುಡುಗಿಯದೇ ಆದ ಒಪ್ಪಿಗೆಯೂ ಬೇಕು, ಬೇರೆ ಹಾಳೆಯಲ್ಲಿ, ಮಧ್ಯದಲ್ಲಿ ಬಿಟ್ಟು ಹೋಗಬಹುದು ಅನ್ನುವ ಮಾತಿನ ಸಮೇತ. ನಕ್ಷೆಯಲ್ಲಿ ಯಾರೂ ತಮ್ಮ ಮನೆಯನ್ನು ಗುರುತಿಸಬಾರದು. "ಮನೆ ಹತ್ತಿರದ ಕೂಡುರಸ್ತೆಯಿಂದ ಶುರು ಮಾಡಿ" ಅನ್ನಿ. ಹದಿನೈದು ಜನರ ಮನೆ, ಅವರು ಹೋಗಿಬರುವ ಹೊತ್ತು, ಹೆದರುವ ಜಾಗ, ಮೂರೂ ಒಂದೇ ಹಾಳೆಯಲ್ಲಿದ್ದರೆ ಆ ಹಾಳೆ ಕಳೆದುಹೋಗಬಾರದಂಥ ವಸ್ತುವಾಗುತ್ತದೆ.

ಗಡಿ ಎಲ್ಲಿ?

ಬಡಾವಣೆಯ ಗಡಿಯನ್ನು ನೀವು ಕೊಡಬೇಡಿ. ಒಬ್ಬೊಬ್ಬರಿಗೂ ಒಂದು ಎ4 ಹಾಳೆ, ಒಂದು ಪೆನ್ಸಿಲ್, 12 ನಿಮಿಷ. ಮೊಬೈಲ್ ಚೀಲದಲ್ಲಿರಲಿ. "ನಮ್ಮ ಏರಿಯಾ ಅಂದ್ರೆ ಎಲ್ಲಿಂದ ಎಲ್ಲಿವರೆಗೆ, ನೆನಪಿಂದ ಬಿಡಿಸಿ." ಅಳತೆ ತಪ್ಪಿರುತ್ತದೆ, ದಿಕ್ಕು ತಿರುಗಿರುತ್ತದೆ, ತಿದ್ದಲು ಹೋಗಬೇಡಿ. ದೊಡ್ಡ ರಸ್ತೆಯೊಂದು ಹಾಳೆಯ ಅಂಚಾಗಿ ಬಂದರೆ ಅದು ಅವರಿಗೆ ಗೋಡೆ ಅಂತ ಅರ್ಥ. ಆ ರಸ್ತೆಯ ಆಚೆ 100 ಮೀಟರ್‌ನಲ್ಲಿ ಆಟದ ಮೈದಾನ ಇದ್ದರೂ ಅದು ಇವರ ಪಾಲಿಗೆ ಇಲ್ಲ. ಉದ್ಯಾನಕ್ಕೆ 300 ಮೀಟರ್ ಒಳಗೆ ಮನೆ ಇರಬೇಕು ಅನ್ನುವ ಯೋಜಕರ ಲೆಕ್ಕ ಎಡವುವುದು ಇಲ್ಲೇ. ಕಾಗದದ ಮೇಲಿನ ದೂರ ದಾಟುವ ದೂರವಲ್ಲ.

ಮುಂದಿನ ಭೇಟಿಗೆ ನಿಜವಾದ ನಕ್ಷೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದು, ಬೂದು ಬಣ್ಣದಲ್ಲಿ, ಎ1 ಹಾಳೆಯಲ್ಲಿ 1:2500 ಪ್ರಮಾಣಕ್ಕೆ ಮುದ್ರಿಸುತ್ತೇವೆ. 1 ಸೆಂಟಿಮೀಟರ್ ಅಂದರೆ 25 ಮೀಟರ್, ಇಡೀ ಹಾಳೆಗೆ ಸುಮಾರು 1.5 ಕಿ.ಮೀ. ಅಗಲ, 2.1 ಕಿ.ಮೀ. ಉದ್ದ ಹಿಡಿಯುತ್ತದೆ. ಬಣ್ಣದ ನಕ್ಷೆ ಬೇಡ. ಅದರಲ್ಲಿ ಹಸಿರು ತುಂಬಿದ ಜಾಗವನ್ನು 'ಒಳ್ಳೆಯದು' ಅಂತ ಗುರುತಿಸುವ ಆಸೆ ಹುಟ್ಟುತ್ತದೆ. ದೊಡ್ಡ ರಸ್ತೆಗಳ ಹೆಸರು ಬಿಟ್ಟು ಉಳಿದ ಹೆಸರೆಲ್ಲ ತೆಗೆದುಹಾಕಿ, ಅವರು ಕರೆಯುವ ಹೆಸರುಗಳನ್ನೇ ಬರೆಯಲಿ. ಅಡ್ಡಹೆಸರುಗಳಲ್ಲಿ ಅರ್ಧ ಮಾಹಿತಿ ಇರುತ್ತದೆ.

ಗುರುತಿಗೆ ಸಾಮಾನ್ಯವಾಗಿ ಸಿಗುವ 8 ಮಿಲಿಮೀಟರ್ ಬಣ್ಣದ ಚುಕ್ಕೆ ಸ್ಟಿಕ್ಕರ್ ಬಳಸಬಹುದು. ಆದರೆ ಈ ಪ್ರಮಾಣದಲ್ಲಿ ಒಂದು ಸ್ಟಿಕ್ಕರ್ 20 ಮೀಟರ್ ನೆಲವನ್ನು ಮುಚ್ಚುತ್ತದೆ. ರಸ್ತೆಯ ಯಾವ ಬದಿ ಅನ್ನುವುದು ಅದರಡಿ ಮಾಯ. ಮೊದಲು ಪೆನ್ಸಿಲ್ ಮೊನೆಯಿಂದ ಚುಕ್ಕೆ, ಪಕ್ಕದಲ್ಲಿ ಸಂಖ್ಯೆ, ಆಮೇಲೆ ಸ್ಟಿಕ್ಕರನ್ನು ಸ್ವಲ್ಪ ಸರಿಸಿ ಅಂಟಿಸುವುದು. ಹಗಲಿಗೆ ಒಂದು ಟ್ರೇಸಿಂಗ್ ಹಾಳೆ, ಕತ್ತಲಾದ ಮೇಲಿನದಕ್ಕೆ ಇನ್ನೊಂದು. ಒಂದೇ ಹಾಳೆಯಲ್ಲಿ ಎರಡನ್ನೂ ಹಾಕಿಸಿದರೆ ಸಂಜೆಯ ಗುರುತುಗಳು ಬರುವುದೇ ಇಲ್ಲ, ಯಾಕೆಂದರೆ ಕೂತು ಗುರುತು ಹಾಕುತ್ತಿರುವುದು ಹಗಲಲ್ಲಿ.

ನಡಿಗೆ

ನಕ್ಷೆಯಲ್ಲಿ ಚುಕ್ಕೆಗಳು ಒತ್ತಾಗಿರುವ ಕಡೆಯೂ, ಒಂದೂ ಚುಕ್ಕೆ ಇಲ್ಲದ ಕಡೆಯೂ ಹಾದುಹೋಗುವಂತೆ 1.5 ಕಿ.ಮೀ. ದಾರಿ ಆರಿಸಿ. ಬರೆದುಕೊಂಡು ನಡೆಯಲು 90 ನಿಮಿಷ ಬೇಕು. ನಾಲ್ಕು ಜನರ ತಂಡ: ಒಬ್ಬರು ದಾರಿ ತೋರುವವರು, ಒಬ್ಬರು ಬರೆಯುವವರು, ಒಬ್ಬರು ಫೋಟೊ ಮತ್ತು ಗಡಿಯಾರ, ನಾಲ್ಕನೆಯವರ ಕೆಲಸ ವಾಹನ ನೋಡುವುದು ಮಾತ್ರ. ನಾಲ್ಕನೆಯವರ ಕೈಗೆ ಹಾಳೆ ಕೊಟ್ಟರೆ ಆ ಕೆಲಸ ನಿಂತಂತೆಯೇ. ಜೊತೆಗೆ ದೊಡ್ಡವರೊಬ್ಬರು, ಹತ್ತು ಹೆಜ್ಜೆ ಹಿಂದೆ, ಬಾಯಿ ಮುಚ್ಚಿಕೊಂಡು.

ಬೀದಿಯನ್ನು ಕೂಡುರಸ್ತೆಯಿಂದ ಕೂಡುರಸ್ತೆಗೆ ತುಂಡು ಮಾಡಿಕೊಳ್ಳಿ. 200 ಮೀಟರ್‌ಗಿಂತ ಉದ್ದವಿದ್ದರೆ ಮಧ್ಯೆ ಕಡಿಯಿರಿ. ಒಂದೊಂದು ತುಂಡಿಗೂ ಒಂದು ನಮೂನೆ, ಅದರಲ್ಲಿ 12 ಅಂಶ ಮೀರಬಾರದು. 'ಒಳ್ಳೆಯದು, ಸಾಧಾರಣ, ಕೆಟ್ಟದು' ಅನ್ನುವ ಅಳತೆ ಒಬ್ಬೊಬ್ಬರಿಗೆ ಒಂದೊಂದು. ಕಣ್ಣಿಗೆ ಕಾಣುವ ಕೆಲಸದಿಂದ ಕಟ್ಟಿಹಾಕಬೇಕು. ಫುಟ್‌ಪಾತ್‌ಗೆ ನಮ್ಮ ಅಂಕ ಹೀಗೆ: ಇಲ್ಲವೇ ಇಲ್ಲ ಅಂದರೆ 0, ಇದೆ ಆದರೆ ಒಮ್ಮೆಯಾದರೂ ರಸ್ತೆಗೆ ಇಳಿಯಬೇಕಾಯಿತು ಅಂದರೆ 1, ಇಳಿಯದೆ ದಾಟಿದೆವು ಅಂದರೆ 2. ಕಸಕ್ಕೆ 'ಜಾಸ್ತಿ' ಅನ್ನುವುದಿಲ್ಲ, ಒಂದು ಬಕೆಟ್‌ನಲ್ಲಿ ಹಿಡಿಸದ ರಾಶಿ ಎಷ್ಟು ಅಂತ ಎಣಿಸುತ್ತೇವೆ. ನಿಂತ ನೀರಿಗೆ ಒಂದು ಹೆಜ್ಜೆಗಿಂತ ಅಗಲವೇ ಅನ್ನುವುದು ಮೊದಲ ಪ್ರಶ್ನೆ, ವಾರ ಬಿಟ್ಟು ಬಂದಾಗಲೂ ಇದೆಯೇ ಅನ್ನುವುದು ಎರಡನೆಯದು. ಬಿಸಿ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ 7ರಿಂದ 10 ದಿನ ಸಾಕು, ಮೂರು ದಿನಕ್ಕೆ ಒಣಗುವ ಗುಂಡಿಯ ಮೇಲೆ ಸಿಟ್ಟು ಮಾಡಿ ಫಲವಿಲ್ಲ.

ಬೀದಿದೀಪಕ್ಕೆ ಮೊಬೈಲ್‌ನ ಲಕ್ಸ್ (ಬೆಳಕಿನ ಅಳತೆ) ಆ್ಯಪ್ ನಂಬಬೇಡಿ. ಆ ಸೆನ್ಸರ್ ಇರುವುದು ಪರದೆಯ ಬೆಳಕು ಹೊಂದಿಸಲು, ಕತ್ತಲಲ್ಲಿ ಅದರ ಅಂಕಿ ಎಲ್ಲೆಲ್ಲೋ ಹೋಗುತ್ತದೆ. ಅದಕ್ಕಿಂತ ಸುಲಭ ದಾರಿ ಇದೆ. ಒಬ್ಬರು ದೂರದಿಂದ ನಿಧಾನಕ್ಕೆ ನಡೆದು ಬರಲಿ, ನಿಂತು ನೋಡುತ್ತಿರುವವರು ಮುಖ ಗುರುತು ಸಿಕ್ಕ ತಕ್ಷಣ 'ನಿಲ್ಲು' ಅನ್ನಲಿ, ಟೇಪಿನಲ್ಲಿ ಅಳೆಯಿರಿ. ಎದುರಿನವರು ಯಾರೆಂದು ಕನಿಷ್ಠ 4 ಮೀಟರ್ ದೂರದಿಂದ ತಿಳಿಯಬೇಕು ಅನ್ನುವುದು ಬೀದಿದೀಪ ವಿನ್ಯಾಸದವರ ಹಳೆಯ ಲೆಕ್ಕ. ಕಂಬ ನಿಂತಿದೆ, ದೀಪ ಉರಿಯುತ್ತಿದೆ, ಆದರೂ ಇದು 4 ಮೀಟರ್ ಮುಟ್ಟದಿದ್ದರೆ ಕಂಬದ ಮುಂದೆ ಮರದ ಕೊಂಬೆ ಇದೆಯೇ ನೋಡಿ. ಕಣ್ಣಿಗೆ ನೇರ ಹೊಡೆಯುವ ಬಿಳಿ ದೀಪದ ಕೆಳಗೂ ಹೀಗೇ ಆಗುತ್ತದೆ.

ವಾಸನೆ ವಿಚಿತ್ರ. ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಕೊಂಡುಬಿಡುತ್ತದೆ, ಮೋರಿ ಪಕ್ಕದಲ್ಲೇ ಬೆಳೆದವರಿಗೆ ಆ ವಾಸನೆ ಇಲ್ಲವೇ ಇಲ್ಲ. ನಡಿಗೆಯ ಕೊನೆಯಲ್ಲಿ ವಾಸನೆಯ ಅಂಕ ಬರೆದರೆ ಅದು ಸುಳ್ಳು. ತುಂಡಿಗೆ ಕಾಲಿಟ್ಟ ಮೊದಲ ನಿಮಿಷದಲ್ಲೇ ಬರೆಯಬೇಕು, ಅದೂ ಆ ಬೀದಿಯವರಲ್ಲ, ಬಡಾವಣೆಯ ಇನ್ನೊಂದು ಕೊನೆಯವರು. ಹೊರಗಿನವರು 'ನಾತ' ಅಂದು ಒಳಗಿನವರು 'ಏನಿಲ್ಲ' ಅಂದರೆ ಎರಡನ್ನೂ ಬರೆದಿಡಿ. ಯಾರು ಸರಿ ಅಂತ ಅಲ್ಲೇ ಪಂಚಾಯ್ತಿ ಮಾಡಬೇಡಿ.

ಒಂದೇ ತುಂಡನ್ನು ಎರಡು ತಂಡ ಬೇರೆ ಬೇರೆಯಾಗಿ ನೋಡಿ ಅಂಕ ಹೋಲಿಸುವುದು ಒಳ್ಳೆಯ ಅಭ್ಯಾಸ. ಆದರೆ 'ನೂರಕ್ಕೆ 82 ಹೊಂದಾಣಿಕೆ' ಎಂದು ಹಿಗ್ಗುವ ಮೊದಲು ಒಂದು ಲೆಕ್ಕ ಮಾಡಿ. ಎರಡೂ ತಂಡಗಳು ನೂರರಲ್ಲಿ 90 ಸಲ 'ಕೆಟ್ಟದು' ಅನ್ನುವವರಾದರೆ, ಕಣ್ಣು ಮುಚ್ಚಿ ಬರೆದರೂ 82 ಸಲ ಹೊಂದುತ್ತದೆ (0.9 ಗುಣಿಸು 0.9, ಜೊತೆಗೆ 0.1 ಗುಣಿಸು 0.1). ಅಂಕಗಳು ಒಂದೇ ಕಡೆ ಬೀಳುವ ಪ್ರಶ್ನೆಯನ್ನು ತೆಗೆದು ಬೇರೆ ಬರೆಯಿರಿ.

ಫೋಟೊ

ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ 1990ರ ದಶಕದಲ್ಲಿ ಚೀನಾದ ಯುನ್ನಾನ್‌ನ ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ರೂಪಿಸಿದ ಫೋಟೊವಾಯ್ಸ್ ವಿಧಾನ ಈ ವಯಸ್ಸಿನವರಿಗೆ ಚೆನ್ನಾಗಿ ಹೊಂದುತ್ತದೆ. ಒಬ್ಬರಿಗೆ ಹತ್ತು ಚಿತ್ರದ ಮಿತಿ, ಅದರಲ್ಲಿ ಮೂರನ್ನು ಅವರೇ ಆರಿಸಬೇಕು. ಮಿತಿ ಇಲ್ಲದಿದ್ದರೆ ಇನ್ನೂರು ಚಿತ್ರ ಬರುತ್ತವೆ, ಯಾವುದಕ್ಕೂ ಮಾತಿರುವುದಿಲ್ಲ. ಆರಿಸಿದ ಪ್ರತಿ ಚಿತ್ರಕ್ಕೆ ಅದೇ ದಿನ ನಾಲ್ಕೈದು ಸಾಲು: ಇಲ್ಲಿ ಏನು ಕಾಣುತ್ತಿದೆ, ನಿಜಕ್ಕೂ ನಡೆಯುತ್ತಿರುವುದೇನು, ನಮ್ಮ ಬದುಕಿಗೂ ಇದಕ್ಕೂ ಏನು ಸಂಬಂಧ, ಯಾಕೆ ಹೀಗಾಗಿದೆ, ಏನು ಮಾಡಬಹುದು. ಮೂರು ದಿನ ಬಿಟ್ಟು ಬರೆಸಿದರೆ ಮತ್ತೆ ಪಠ್ಯಪುಸ್ತಕದ ಭಾಷೆ ತಲೆಹಾಕುತ್ತದೆ.

ಮುಖ ಬರಬಾರದು, ವಾಹನದ ಸಂಖ್ಯೆ ಬರಬಾರದು, ಯಾರ ಮನೆಯ ಬಾಗಿಲೂ ಬರಬಾರದು. ಒಬ್ಬರ ಅಂಗಳದ ಕಸವನ್ನು ಪ್ರದರ್ಶನಕ್ಕಿಟ್ಟರೆ ಬಡಾವಣೆಯ ಆರೋಗ್ಯದ ಮಾತು ಅಕ್ಕಪಕ್ಕದವರ ಜಗಳವಾಗಿ ಮುಗಿಯುತ್ತದೆ. ಚಿತ್ರಗಳನ್ನು ಮೆಸೇಜಿಂಗ್ ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಸ್ಥಳದ ಗುರುತು ಅಳಿಸಿಹೋಗುತ್ತದೆ, ಗಾತ್ರವೂ ಕುಗ್ಗುತ್ತದೆ. ಕೇಬಲ್‌ನಲ್ಲಿ ತೆಗೆದುಕೊಳ್ಳಿ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಪಕ್ಕದ ಬೀದಿಗೆ ಹಾರುವುದೂ ಉಂಟು, ಚಿತ್ರದ ಸಂಖ್ಯೆಯನ್ನು ಕಾಗದದ ನಕ್ಷೆಯಲ್ಲೂ ಬರೆದಿರಲೇಬೇಕು.

ಫೋಟೊದಲ್ಲಿ ಬಾರದ್ದೇ ಹೆಚ್ಚು ಮುಖ್ಯವಾಗಿರಬಹುದು. ವಾಸನೆ, ಶಬ್ದ, ದಿಟ್ಟಿಸುವ ನೋಟ ಚಿತ್ರಕ್ಕೆ ಸಿಗುವುದಿಲ್ಲ. ಹತ್ತು ಚಿತ್ರದ ಜೊತೆ ಎರಡು ಖಾಲಿ ಚೌಕಟ್ಟಿನ ಕಾರ್ಡ್ ಕೊಡುತ್ತೇವೆ: "ತೆಗೆಯಬೇಕು ಅಂದುಕೊಂಡೆ, ಆಗಲಿಲ್ಲ" ಎಂದು ಮೇಲೆ ಅಚ್ಚಾಗಿರುತ್ತದೆ, ಕೆಳಗೆ ಏನು, ಯಾಕೆ ಅಂತ ಬರೆಯಬೇಕು. ಹುಡುಗಿಯರ ಗುಂಪಿನಲ್ಲಿ ಈ ಕಾರ್ಡುಗಳು ಮೊದಲು ತುಂಬುತ್ತವೆ.

ಪ್ರಶ್ನಾವಳಿ

ಇದರ ಬಗ್ಗೆ ಜನ ಅತಿಯಾಗಿ ತಲೆಕೆಡಿಸಿಕೊಳ್ಳುತ್ತಾರೆ. 18 ಪ್ರಶ್ನೆ, ಹತ್ತು ನಿಮಿಷ, ಸಾಕು. ಎರಡು ವಿಷಯವನ್ನು ಒಂದೇ ಪ್ರಶ್ನೆಯಲ್ಲಿ ತುರುಕಬೇಡಿ. 'ನಿಮ್ಮ ಬೀದಿ ಸ್ವಚ್ಛವಾಗಿ, ಸುರಕ್ಷಿತವಾಗಿ ಇದೆಯೇ?' ಅಂದರೆ ಹೌದು ಅಂದವರು ಯಾವುದಕ್ಕೆ ಅಂದರು? 'ಸಾಮಾನ್ಯವಾಗಿ' ಎಂದು ಕೇಳುವ ಬದಲು 'ಕಳೆದ ಏಳು ದಿನದಲ್ಲಿ ಎಷ್ಟು ದಿನ' ಎಂದು ಕೇಳಿ. ಒಂದೆರಡು ಪ್ರಶ್ನೆಗಳನ್ನು ತಿರುವಿ ಬರೆಯಿರಿ, ಎಲ್ಲಕ್ಕೂ ಒಂದೇ ಅಂಕಣದಲ್ಲಿ ಗೆರೆ ಎಳೆದವರು ಸಿಕ್ಕಿಬೀಳುತ್ತಾರೆ. 'ನಿಮ್ಮ ಬೀದಿಯ ಗಾಳಿ' ಮತ್ತು 'ನಿಮ್ಮ ನಗರದ ಗಾಳಿ' ಎರಡನ್ನೂ ಕೇಳಲೇಬೇಕು. ನಗರ ಹದಗೆಟ್ಟಿದೆ, ನಮ್ಮ ಬೀದಿ ಪರವಾಗಿಲ್ಲ ಅನ್ನುವುದು ದೊಡ್ಡವರಲ್ಲೂ ಇರುವ ಒಲವು. ಒಂದನ್ನೇ ಕೇಳಿದರೆ ಆ ಒಲವು ನಿಮ್ಮ ಫಲಿತಾಂಶದೊಳಗೆ ಸದ್ದಿಲ್ಲದೆ ಕೂತಿರುತ್ತದೆ.

ಐದು ಜನರ ಮೇಲೆ ಮೊದಲು ಪ್ರಯೋಗಿಸಿ, ಗಟ್ಟಿಯಾಗಿ ಓದಿಸಿ. ತಡವರಿಸಿದ ಪ್ರಶ್ನೆ ಬದಲಾಗಬೇಕು.

ಈಗ ಉಪಕರಣ

ಇಷ್ಟೆಲ್ಲ ಆದ ಮೇಲಷ್ಟೇ ಮೀಟರುಗಳು ಚೀಲದಿಂದ ಹೊರಬರುತ್ತವೆ. ಮೊದಲೇ ಕೈಗೆ ಕೊಟ್ಟರೆ ಮಕ್ಕಳು ತಮ್ಮ ಮೂಗು, ಕಿವಿ ಬಿಟ್ಟು ಪರದೆ ನೋಡತೊಡಗುತ್ತಾರೆ. ಅಂಕಿ ಕಂಡ ಮೇಲೆ ಅನಿಸಿಕೆ ಅದರ ಹಿಂದೆ ಓಡುತ್ತದೆ, ಹಿಂದಕ್ಕೆ ತರಲಾಗುವುದಿಲ್ಲ.

ಶಬ್ದ: ಮೊಬೈಲ್ ಮೈಕ್ ಮಾತಿಗಾಗಿ ಮಾಡಿದ್ದು. ಒಂದೇ ಜಾಗದಲ್ಲಿ ಎರಡು ಫೋನುಗಳು ಬೇರೆ ಅಂಕಿ ತೋರಿಸುತ್ತವೆ. ನಡಿಗೆಗೆ ಮುನ್ನ ಎಲ್ಲ ಫೋನುಗಳ ಕವಚ ತೆಗೆದು, ಮೈಕ್ ಒಂದೇ ದಿಕ್ಕಿಗಿರುವಂತೆ ಮೇಜಿನ ಮೇಲೆ ಸಾಲಾಗಿಡಿ. ಪಕ್ಕದಲ್ಲಿ ಒಂದು ಕ್ಲಾಸ್ 2 (ಸಾಮಾನ್ಯ ಬಳಕೆಯ ನಿಖರತೆಯ) ಶಬ್ದಮಾಪಕ, ಗೊತ್ತಾದ 94 ಡೆಸಿಬೆಲ್ ಶಬ್ದ ಹೊರಡಿಸುವ ಕ್ಯಾಲಿಬ್ರೇಟರ್‌ನಿಂದ ಸರಿಪಡಿಸಿದ್ದು. ಫ್ಯಾನಿನಂಥ ಏಕಸಮನಾದ ಶಬ್ದದಲ್ಲಿ ಎರಡು ನಿಮಿಷ, ಅದಕ್ಕಿಂತ ಜೋರಾದದ್ದರಲ್ಲಿ ಎರಡು ನಿಮಿಷ ಓದಿ, ಪ್ರತಿ ಫೋನಿನ ವ್ಯತ್ಯಾಸವನ್ನು ಅದರ ಬೆನ್ನ ಮೇಲೆ ಪಟ್ಟಿ ಅಂಟಿಸಿ ಬರೆಯಿರಿ. ಎರಡು ಮಟ್ಟ ಯಾಕೆಂದರೆ ವ್ಯತ್ಯಾಸ ಎರಡರಲ್ಲೂ ಒಂದೇ ಇರುವುದಿಲ್ಲ. 5 ಡೆಸಿಬೆಲ್‌ಗಿಂತ ಹೆಚ್ಚು ಓಲಾಡುವ ಫೋನ್ ಬದಿಗಿಡಿ.

ಬೀದಿಯಲ್ಲಿ ಆ್ಯಪ್ ಅನ್ನು ಎ-ತೂಕಕ್ಕೆ (ಕಿವಿಗೆ ಕೇಳುವ ಹಾಗೆ ಶಬ್ದವನ್ನು ತೂಗುವ ಅಳತೆ) ಹಾಕಿ, 5 ನಿಮಿಷದ ಸಮಾನ ಮಟ್ಟವನ್ನು (Leq, ಅಷ್ಟೂ ಹೊತ್ತಿನ ಶಕ್ತಿಯ ಸರಾಸರಿ) ಓದಿ. ಕ್ಷಣದ ಅಂಕಿಯೂ ಬೇಡ, ಗರಿಷ್ಠವೂ ಬೇಡ. ಎದೆಯ ಎತ್ತರ, ತೋಳು ಚಾಚಿ, ಗೋಡೆಯಿಂದ 3.5 ಮೀಟರ್ ದೂರ. ಗೋಡೆಗೆ ಹತ್ತಿರ ನಿಂತರೆ ಪ್ರತಿಫಲನದಿಂದಲೇ ಸುಮಾರು 3 ಡೆಸಿಬೆಲ್ ಏರುತ್ತದೆ. ಗಾಳಿ ಜೋರಿದ್ದ ದಿನ ಮೈಕಿಗೆ ಫೋಮ್ ಚೂರು ಇರಲಿ, ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ಗಾಳಿಯನ್ನು. ಸರಾಸರಿಯಲ್ಲಿ ಎಲ್ಲರೂ ಎಡವುತ್ತಾರೆ: 60 ಮತ್ತು 80 ಡೆಸಿಬೆಲ್‌ನ ಸರಾಸರಿ 70 ಅಲ್ಲ, 77. ಡೆಸಿಬೆಲ್ ಲಾಗರಿದಮ್ ಲೆಕ್ಕ, ಶಕ್ತಿಗೆ ತಿರುಗಿಸಿ ಸರಾಸರಿ ಮಾಡಿ ಮತ್ತೆ ಡೆಸಿಬೆಲ್‌ಗೆ ತರಬೇಕು. ರಸ್ತೆ ಶಬ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ 53 ಡೆಸಿಬೆಲ್ (ಇಡೀ ದಿನಕ್ಕೆ), 45 ಡೆಸಿಬೆಲ್ (ರಾತ್ರಿಗೆ) ಎಂಬ ಮಿತಿಗಳು ದೀರ್ಘಕಾಲದ ಸರಾಸರಿಗೆ ಸೇರಿದವು. ನಿಮ್ಮ ಐದು ನಿಮಿಷವನ್ನು ಅದರ ಪಕ್ಕ ಇಟ್ಟು 'ಮಿತಿ ಮೀರಿದೆ' ಅಂದರೆ ತಿಳಿದವರು ಒಂದೇ ಪ್ರಶ್ನೆಯಲ್ಲಿ ಕೆಡವುತ್ತಾರೆ. ಬೀದಿಗೂ ಬೀದಿಗೂ ಇರುವ ವ್ಯತ್ಯಾಸ ಹೇಳಿ, ಅದು ನಿಲ್ಲುತ್ತದೆ.

ಗಾಳಿ: ಕೈಯಲ್ಲಿ ಹಿಡಿಯುವ ಅಗ್ಗದ ಪಿಎಂ 2.5 (2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಚಿಕ್ಕ ಕಣ) ಮಾಪಕಗಳು ಲೇಸರ್ ಬೆಳಕು ಚದುರುವುದನ್ನು ನೋಡಿ ಕಣಗಳನ್ನು ಅಂದಾಜಿಸುತ್ತವೆ. ಚಾಲೂ ಮಾಡಿ ಕನಿಷ್ಠ 30 ಸೆಕೆಂಡ್ ಬಿಟ್ಟು ಓದಬೇಕು. ನಾವು ಎರಡು ನಿಮಿಷ ಬಿಡುತ್ತೇವೆ. ತೇವಾಂಶ ನೂರಕ್ಕೆ 80 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿ ಸುಳ್ಳೇ ಏರುತ್ತದೆ. ಮಂಜಿನ ಬೆಳಗು, ಮಳೆ ನಿಂತ ಹೊತ್ತು ಬೇಡ. ಎರಡು ಮೂರು ಮಾಪಕ ಇದ್ದರೆ ಒಂದು ದಿನ ಪೂರ್ತಿ ಅಕ್ಕಪಕ್ಕ ಓಡಿಸಿ ಹೋಲಿಸಿ. ನಡೆಯುವಾಗ ಚೀಲದ ಪಟ್ಟಿಗೆ ಕಟ್ಟಿ, ಗಾಳಿ ಎಳೆಯುವ ಕಿಂಡಿಯನ್ನು ಬಟ್ಟೆ ಮುಚ್ಚದಂತೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ, ಘನ ಮೀಟರಿಗೆ 24 ಗಂಟೆಗೆ 15, ವರ್ಷಕ್ಕೆ 5 ಮೈಕ್ರೋಗ್ರಾಂ ಎಂಬ ಅಂಕಿಗಳೂ ಹಾಗೇ, ಒಂದು ನಿಮಿಷದ ಓದಿಗೆ ಹೊಂದುವುದಿಲ್ಲ.

ಈ ಮಾಪಕಕ್ಕೆ ಒಂದು ಕುರುಡು ಇದೆ, ಅದು ಮಕ್ಕಳ ಮಾತಿಗೆ ನೇರ ಸಂಬಂಧಿಸಿದ್ದು. ದಪ್ಪ ಧೂಳು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕಟ್ಟಡ ಕೆಲಸ ನಡೆಯುವ ಬೀದಿಯಲ್ಲಿ ಮಕ್ಕಳು ಕೆಮ್ಮುತ್ತಿರುತ್ತಾರೆ, ಪರದೆಯಲ್ಲಿ ಅಂಕಿ ಸಾಧಾರಣವಾಗಿರುತ್ತದೆ. ಅಲ್ಲಿ ಸರಿ ಇರುವುದು ಮಕ್ಕಳೇ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ದೊಡ್ಡ ರಸ್ತೆಗೆ ಅಂಟಿದ ಉದ್ಯಾನದ ಗಾಳಿ 'ಸೂಪರ್' ಎಂದು ಗುರುತಾಗಿರುತ್ತದೆ, ಅಳತೆಯಲ್ಲಿ ರಸ್ತೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಪಿಎಂ 2.5 ಕಣ ಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ, ಕಣ್ಣಿಗೂ ಇಲ್ಲ, ಮೂಗಿಗೂ ಇಲ್ಲ. ಅವರ ತಪ್ಪಲ್ಲ.

ಬಿಸಿ: ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಕೂರುವ ಜಾಗ, ಆಟದ ಸಾಮಾನು, ನೆಲ ನೋಡಿ. 12:1 ಎಂದು ಬರೆದ ಉಪಕರಣ 1.2 ಮೀಟರ್ ದೂರದಿಂದ 10 ಸೆಂಟಿಮೀಟರ್ ಅಗಲದ ಜಾಗ ಓದುತ್ತದೆ. ದೂರ ನಿಂತು ಹಿಡಿದರೆ ಬೆಂಚಿನ ಜೊತೆ ನೆಲವೂ ಸೇರುತ್ತದೆ. ಹೊಳೆಯುವ ಲೋಹದ ಮೇಲೆ ನಂಬಲೇಬೇಡಿ, ಕಪ್ಪು ಟೇಪ್ ಚೂರು ಅಂಟಿಸಿ ಅದರ ಮೇಲೆ ಓದಿ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ

ಟ್ರೇಸಿಂಗ್ ಹಾಳೆಯ ಅನಿಸಿಕೆಗಳ ಮೇಲೆ ಅಳತೆಗಳ ಇನ್ನೊಂದು ಹಾಳೆ ಇಟ್ಟರೆ ಕೆಲವು ಕಡೆ ಹೊಂದುತ್ತದೆ, ಕೆಲವು ಕಡೆ ಇಲ್ಲ. ಹೊಂದದ ಕಡೆ ಮಕ್ಕಳನ್ನು ತಿದ್ದುವ ಚಪಲ ನಮಗೆಲ್ಲ ಇರುತ್ತದೆ. ಅದನ್ನು ಬಿಟ್ಟರೆ ಮಾತ್ರ ಈ ಕೆಲಸದ ಫಲ ಸಿಗುತ್ತದೆ. ಅಳತೆ ಚೆನ್ನಾಗಿದ್ದು ಮಕ್ಕಳು 'ಕೆಟ್ಟ ಜಾಗ' ಅಂದರೆ, ಮೀಟರಿಗೆ ಸಿಗದ ಕಾರಣ ಹುಡುಕಬೇಕು: ಗದರಿ ಎಬ್ಬಿಸುವವರು, ಬೀಗ ಹಾಕಿದ ಗೇಟು, ನಾಯಿ, ಹಳೆಯ ಒಂದು ಘಟನೆಯ ನೆನಪು. ಅಳತೆ ಕೆಟ್ಟದಾಗಿದ್ದು ಮಕ್ಕಳು 'ಚೆನ್ನಾಗಿದೆ' ಅಂದ ಜಾಗ ನಿಜವಾಗಿ ಕಷ್ಟದ್ದು. ಅವರಿಗೆ ಇರುವುದು ಅದೊಂದೇ ಕೂರುವ ಜಾಗವಾಗಿರಬಹುದು. 'ಅಲ್ಲಿ ಗಾಳಿ ಸರಿಯಿಲ್ಲ, ಹೋಗಬೇಡಿ' ಎಂದು ವರದಿ ಬರೆದರೆ ಅದನ್ನೂ ಕಿತ್ತುಕೊಂಡಂತೆ. ಜಾಗ ಉಳಿಸಿ ರಸ್ತೆಯ ಕಡೆಗೆ ಏನು ಮಾಡಬಹುದು ಅಂತ ಬರೆಯಬೇಕು.

ಎಣಿಕೆ ಚಿಕ್ಕದಿದ್ದಾಗ ಶೇಕಡಾ ಬೇಡ. '14 ಜನರಲ್ಲಿ 9' ಅನ್ನಿ. 'ಶೇ. 64' ಅಂದರೆ ಇಲ್ಲದ ಗಾಂಭೀರ್ಯ ಬರುತ್ತದೆ. 1ರಿಂದ 5ರ ಅಂಕಗಳಿಗೆ ಸರಾಸರಿಯ ಬದಲು ಮಧ್ಯಾಂಕ (ಸಾಲಾಗಿಟ್ಟಾಗ ನಟ್ಟನಡುವೆ ಬರುವ ಅಂಕ) ತೆಗೆದು, ಹರಡಿಕೆಯನ್ನೂ ತೋರಿಸಿ. ಅರ್ಧ ಜನ 1, ಅರ್ಧ ಜನ 5 ಕೊಟ್ಟ ಬೀದಿಗೆ ಸರಾಸರಿಯೂ ಮಧ್ಯಾಂಕವೂ 3 ಬರುತ್ತವೆ, ಅಂಥ ಬೀದಿ ಎಲ್ಲೂ ಇಲ್ಲ. ಆ ಅಂಕಗಳನ್ನು ಹುಡುಗಿಯರು, ಹುಡುಗರು ಎಂದು ಒಡೆದು ನೋಡಿ.

ಭಯದ ಗುರುತುಗಳನ್ನು ಬಹಿರಂಗ ನಕ್ಷೆಯಲ್ಲಿ ಹಾಕಬಾರದು, ಇದು ನಮ್ಮಲ್ಲಿ ಕಟ್ಟುನಿಟ್ಟು. ಹುಡುಗಿಯರು ಹೆದರುವ ತಿರುವು ಯಾವುದೆಂದು ಅಚ್ಚಾದರೆ ಮೊದಲು ಆಗುವುದು ದೀಪದ ದುರಸ್ತಿಯಲ್ಲ, ಹುಡುಗಿಯರ ಹೊರಗೆ ಹೋಗುವಿಕೆಗೆ ಮನೆಯಲ್ಲಿ ಬೀಳುವ ಕತ್ತರಿ. ಕೇಡು ಬಗೆಯುವವರಿಗೂ ಅದು ಕೈಪಿಡಿ. 100 ಮೀಟರ್ ಚೌಕಗಳಾಗಿ ಒಟ್ಟುಗೂಡಿಸಿ, ಒಂದು ಚೌಕದಲ್ಲಿ ಐದಕ್ಕಿಂತ ಕಡಿಮೆ ಗುರುತಿದ್ದರೆ ತೋರಿಸದೆ ಬಿಡುತ್ತೇವೆ. ನಿಖರ ಜಾಗ ದೀಪ ಹಾಕುವವರಿಗೆ ಮಾತ್ರ, 'ಇಂಥ ಸಂಖ್ಯೆಯ ಕಂಬ' ಎಂದು, ಯಾರು ಹೆದರುತ್ತಾರೆ ಅನ್ನುವುದಿಲ್ಲದೆ. ಅವರಿಗೆ ಇಷ್ಟವಾದ ಅಡಗುಜಾಗಗಳಿಗೂ ಇದೇ ನಿಯಮ. ನಕ್ಷೆಗೆ ಬಂದ ಅಡಗುಜಾಗಕ್ಕೆ ದೊಡ್ಡವರು ಬರುತ್ತಾರೆ, ಅಲ್ಲಿಗೆ ಅದು ಮುಗಿಯಿತು.

ಸ್ಥಳೀಯ ಆಡಳಿತದ ಮುಂದೆ ಹೋಗುವಾಗ ಒಂದು ಜಾಗಕ್ಕೆ ಒಂದು ಪುಟ: ಚಿತ್ರ, ನಕ್ಷೆಯ ಚೂರು, ದಿನ ಮತ್ತು ಹೊತ್ತು, ಒಂದು ಅಂಕಿ, ಒಂದು ಬೇಡಿಕೆ, ಅದು ಯಾರ ಕೆಲಸ. ಮೂರು ಪುಟ ಸಾಕು. ಅದರಲ್ಲಿ ಒಂದಾದರೂ ತಿಂಗಳೊಳಗೆ ಆಗುವಂಥದ್ದಿರಲಿ, ಕೊಂಬೆ ಕಡಿಯುವುದು, ದೀಪ ಬದಲಿಸುವುದು ಇಂಥವು. ಮಾತಾಡುವವರು ಮಕ್ಕಳೇ ಆಗಬೇಕು. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ವಿವರಿಸಿದ ಭಾಗವಹಿಸುವಿಕೆಯ ಎಂಟು ಮೆಟ್ಟಿಲ ಏಣಿಯಲ್ಲಿ ಕೆಳಗಿನ ಮೂರು, ಅಂದರೆ ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೇಳುವುದು, ಭಾಗವಹಿಸುವಿಕೆಯೇ ಅಲ್ಲ. ಫಲಕ ಹಿಡಿಸಿ ಫೋಟೊ ತೆಗೆಸುವುದು ತೀರ ಕೆಳಗಿನ ಮೆಟ್ಟಿಲು. ಏನಾಯಿತು, ಏನಾಗಲಿಲ್ಲ ಅನ್ನುವುದನ್ನು ಮೂರು ವಾರದೊಳಗೆ ಅವರಿಗೆ ಹೇಳದಿದ್ದರೆ ಮುಂದಿನ ಸಲ ಕರೆದಾಗ ಯಾರೂ ಬರುವುದಿಲ್ಲ.

ವರ್ಷ ಬಿಟ್ಟು ಮತ್ತೆ ಮಾಡುವಾಗ ಅದೇ ಋತು, ಅದೇ ವಾರ, ಅದೇ ಹೊತ್ತು, ಅದೇ ನಮೂನೆ, ಒಂದು ಪದವೂ ಬದಲಾಗದೆ. ಅದೇ ಮಕ್ಕಳು ನಡೆದರೆ ಅಂಕಗಳು ಕುಸಿಯುತ್ತವೆ, ಬಡಾವಣೆ ಹದಗೆಡದಿದ್ದರೂ. ನೋಡುವುದನ್ನು ಕಲಿತ ಕಣ್ಣಿಗೆ ಹೆಚ್ಚು ಕಾಣುತ್ತದೆ. ಅದಕ್ಕೇ ಎರಡನೆಯ ಸುತ್ತಿನಲ್ಲಿ ಅರ್ಧ ಹಳಬರು, ಅರ್ಧ ಒಮ್ಮೆಯೂ ನಡೆಯದ ಹೊಸಬರು ಇರಲಿ, ಎರಡು ಗುಂಪಿನ ಹಾಳೆಗಳಿಗೆ ಬೇರೆ ಬಣ್ಣದ ಗುರುತಿರಲಿ. ಕಳೆದ ವರ್ಷದ ಮೊದಲ ಅಂಕಗಳ ಜೊತೆ ಹೋಲಿಸಬೇಕಾದದ್ದು ಹೊಸಬರ ಹಾಳೆಗಳನ್ನು ಮಾತ್ರ.